ಸಂಗ್ರಹಾಲಯ ಮತ್ತು ಪರಂಪರೆಯ ಸ್ನಾತಕೋತ್ತರ ಓದು: ಯಾವ ಕೋರ್ಸು, ಎಲ್ಲಿ, ಹೇಗೆ

ಇತಿಹಾಸ, ಕನ್ನಡ, ರಸಾಯನಶಾಸ್ತ್ರ, ದೃಶ್ಯಕಲೆ, ಆರ್ಕಿಟೆಕ್ಚರ್ ಹೀಗೆ ಬೇರೆ ಬೇರೆ ವಿಷಯಗಳಲ್ಲಿ ಪದವಿ ಮುಗಿಸಿದವರು ಕೇಳುವ ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ವಸ್ತುಸಂಗ್ರಹಾಲಯದಲ್ಲೋ ಪರಂಪರೆಯ ಕ್ಷೇತ್ರದಲ್ಲೋ ಕೆಲಸ ಮಾಡುವ ಆಸೆಯಿದೆ, ಅದಕ್ಕೆ ಯಾವ ಎಂ.ಎ. ಓದಬೇಕು? ಈ ಪ್ರಶ್ನೆಗೆ ಒಂದು ಕೋರ್ಸಿನ ಹೆಸರು ಹೇಳಿ ಕಳುಹಿಸುವುದು ಸುಲಭ, ಆದರೆ ಅದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಏಕೆಂದರೆ ಈ ಕ್ಷೇತ್ರದಲ್ಲಿ ಒಂದನ್ನೊಂದು ಹೋಲುವ ಹೆಸರುಗಳ ಕೋರ್ಸುಗಳು ತೀರಾ ಬೇರೆ ಬೇರೆ ಕೆಲಸಗಳಿಗೆ ಕರೆದೊಯ್ಯುತ್ತವೆ, ಮತ್ತು ಎರಡು ವರ್ಷ ಓದಿದ ಮೇಲೆ ದಾರಿ ಬದಲಿಸುವುದು ಕಷ್ಟ. ಆದ್ದರಿಂದ ಕೋರ್ಸನ್ನು ಕೊನೆಗೆ ಆರಿಸುವ ಕ್ರಮವೊಂದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಹಂತ 1: ಮೊದಲು ಕೆಲಸವನ್ನು ಆರಿಸಿ

ಸಂಗ್ರಹಾಲಯ ಮತ್ತು ಪರಂಪರೆ ಎಂಬ ಹೆಸರಿನಡಿ ಮುಖ್ಯವಾಗಿ ನಾಲ್ಕು ಬಗೆಯ ಕೆಲಸಗಳಿವೆ.

ಮೊದಲನೆಯದು ಮ್ಯೂಸಿಯಾಲಜಿ, ಅಂದರೆ ಸಂಗ್ರಹಾಲಯವನ್ನು ನಡೆಸುವ ಶಾಸ್ತ್ರ. ವಸ್ತುವನ್ನು ಯಾವ ಆಧಾರದ ಮೇಲೆ ಪಡೆಯಬೇಕು, ಅದನ್ನು ದಾಖಲೆಗೆ ಹೇಗೆ ತರಬೇಕು, ಉಗ್ರಾಣದಲ್ಲಿ ಹೇಗೆ ಇಡಬೇಕು, ಪ್ರದರ್ಶನವನ್ನು ಹೇಗೆ ರೂಪಿಸಬೇಕು, ಶಾಲಾಮಕ್ಕಳಿಂದ ಹಿಡಿದು ಸಂಶೋಧಕರವರೆಗೆ ಬಂದವರಿಗೆ ಏನನ್ನು ಹೇಗೆ ತಿಳಿಸಬೇಕು ಎಂಬುದೆಲ್ಲ ಇದರ ವ್ಯಾಪ್ತಿ. ಸಂಗ್ರಹದ ಹೊಣೆ ಹೊತ್ತು ಪ್ರದರ್ಶನಗಳನ್ನು ರೂಪಿಸುವ ಕ್ಯುರೇಟರ್ ಆಗಬೇಕೆಂದು ಬಯಸುವವರ ದಾರಿ ಇದು.

ಎರಡನೆಯದು ಕನ್ಸರ್ವೇಷನ್, ಅಂದರೆ ವಸ್ತುಗಳ ಸಂರಕ್ಷಣೆ. ಇದು ಕೈಕೆಲಸ ಮತ್ತು ವಿಜ್ಞಾನ ಎರಡೂ ಹೌದು. ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಮಂಡಳಿಯಾದ ಐಕಾಮ್‌ನ ಸಂರಕ್ಷಣಾ ಸಮಿತಿಯು 2008ರಲ್ಲಿ ದೆಹಲಿಯಲ್ಲಿ ಸೇರಿದ್ದಾಗ ಒಪ್ಪಿಕೊಂಡ ಪರಿಭಾಷೆಯ ಪ್ರಕಾರ ಇದರಲ್ಲಿ ಮೂರು ಪದರಗಳಿವೆ. ವಸ್ತುವನ್ನು ಮುಟ್ಟದೆ ಸುತ್ತಲಿನ ಬೆಳಕು, ತೇವ, ದೂಳು, ಹುಳುಗಳನ್ನು ಹತೋಟಿಯಲ್ಲಿಡುವುದು ಮುಂಜಾಗ್ರತಾ ಸಂರಕ್ಷಣೆ. ಹಾಳಾಗುತ್ತಿರುವುದನ್ನು ನಿಲ್ಲಿಸುವುದು ಪರಿಹಾರಾತ್ಮಕ ಸಂರಕ್ಷಣೆ. ವಸ್ತುವು ನೋಡುವವರಿಗೆ ಅರ್ಥವಾಗುವಂತೆ ಅದರ ರೂಪವನ್ನು ಸರಿಪಡಿಸುವುದು ರೆಸ್ಟೊರೇಷನ್. ಮೂರನೆಯದರ ಆಕರ್ಷಣೆಯಿಂದಲೇ ಬಹಳಷ್ಟು ವಿದ್ಯಾರ್ಥಿಗಳು ಇತ್ತ ಬರುತ್ತಾರೆ. ಆದರೆ ವೃತ್ತಿಯ ಬಹುಪಾಲು ಮೊದಲನೆಯದರಲ್ಲೇ ಕಳೆಯುತ್ತದೆ ಎಂಬುದನ್ನು ಮುಂಚಿತವಾಗಿ ತಿಳಿದಿರುವುದು ಒಳ್ಳೆಯದು.

ಮೂರನೆಯದು ಪರಂಪರೆಯ ನಿರ್ವಹಣೆ, ಅಂದರೆ ಹೆರಿಟೇಜ್ ಮ್ಯಾನೇಜ್‌ಮೆಂಟ್. ಇಲ್ಲಿ ವಸ್ತುವಿಗಿಂತ ಸ್ಥಳ ಮುಖ್ಯ, ಸ್ಥಳದಷ್ಟೇ ಅಲ್ಲಿ ಬದುಕುವ ಜನರೂ ಮುಖ್ಯ. ಹಂಪಿಯ ಉದಾಹರಣೆ ಸಾಕು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಂಪಿಯನ್ನು, ಆನೆಗೊಂದಿಯ ಕಡೆಗೆ ಕಟ್ಟುತ್ತಿದ್ದ ಸೇತುವೆಯ ಕಾರಣದಿಂದ, ಯುನೆಸ್ಕೋ 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿ ಇಟ್ಟಿತ್ತು. ನದಿ ದಾಟಲು ಜನರಿಗೆ ಸೇತುವೆ ಬೇಕು, ತಾಣದ ದೃಶ್ಯಸ್ವರೂಪವೂ ಉಳಿಯಬೇಕು. ಈ ಇಕ್ಕಟ್ಟಿನ ನಡುವೆ ಕೂತು ಯೋಜನೆ ಬರೆಯುವವರು, ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರಿನ ನಿಷೇಧಿತ ವಲಯಕ್ಕೂ ಅದರಾಚೆಯ 200 ಮೀಟರಿನ ನಿಯಂತ್ರಿತ ವಲಯಕ್ಕೂ ಇರುವ ಕಾನೂನಿನ ವ್ಯತ್ಯಾಸವನ್ನು ಊರವರಿಗೆ ಬಿಡಿಸಿ ಹೇಳುವವರು ಈ ವಿಭಾಗದವರು.

ನಾಲ್ಕನೆಯದು ಕಟ್ಟಡಗಳ ಸಂರಕ್ಷಣೆ. ಇದಕ್ಕೆ ಬಿ.ಆರ್ಕ್., ಅಂದರೆ ಆರ್ಕಿಟೆಕ್ಚರ್ ಪದವಿ, ಬೇಕೇ ಬೇಕು ಎನ್ನುವಷ್ಟು ಗಟ್ಟಿ ಬೇಲಿಯಿದೆ. ಇತಿಹಾಸದ ಪದವೀಧರರು ಇದಕ್ಕೆ ಅರ್ಜಿ ಹಾಕಿ ನಿರಾಶರಾಗುವುದು ಪ್ರತಿವರ್ಷದ ಕಥೆ.

ನಿಮ್ಮ ಮನಸ್ಸು ಎತ್ತ ವಾಲುತ್ತದೆ ಎಂಬುದನ್ನು ಕೋರ್ಸುಗಳ ಜಾಹೀರಾತು ನೋಡಿ ತೀರ್ಮಾನಿಸಬೇಡಿ. ದಿನವಿಡೀ ಒಬ್ಬರೇ ಕೂತು ಒಂದು ಹಾಳೆಯ ಮೇಲಿನ ಕಲೆಯನ್ನು ಬಿಡಿಸುವ ಕೆಲಸ ನಿಮಗೆ ಹಿಡಿಸುತ್ತದೆಯೋ, ಇಪ್ಪತ್ತು ಜನರ ಸಭೆಯಲ್ಲಿ ಮಾತಾಡಿ ಒಪ್ಪಿಸುವುದು ಹಿಡಿಸುತ್ತದೆಯೋ ಎಂದು ಕೇಳಿಕೊಂಡರೆ ಅರ್ಧ ಉತ್ತರ ಸಿಕ್ಕಂತೆ.

ಹಂತ 2: ಕೋರ್ಸಿನ ಕೈಪಿಡಿಗೆ ಮೊದಲು ನೇಮಕಾತಿ ನಿಯಮ ಓದಿ

ಬಹುತೇಕರು ಬಿಟ್ಟುಬಿಡುವ ಹಂತ ಇದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಸರ್ಕಾರಿ ಹುದ್ದೆಗಳ ಅರ್ಹತೆಯನ್ನು ನಿರ್ಧರಿಸುವುದು ಆಯಾ ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮಗಳು, ಅಂದರೆ ಯಾವ ಹುದ್ದೆಗೆ ಯಾವ ವಿದ್ಯಾರ್ಹತೆ, ಎಷ್ಟು ಅನುಭವ, ಯಾವ ವಯೋಮಿತಿ ಎಂದು ರಾಜ್ಯಪತ್ರದಲ್ಲಿ ಪ್ರಕಟವಾದ ನಿಯಮಾವಳಿ. ಅಲ್ಲಿ ಪದವಿಯ ಹೆಸರನ್ನು ಅಕ್ಷರಶಃ ನೋಡುತ್ತಾರೆ. ‘ಮ್ಯೂಸಿಯಾಲಜಿಯಲ್ಲಿ ಸ್ನಾತಕೋತ್ತರ ಪದವಿ ಅಥವಾ ಡಿಪ್ಲೊಮಾ’ ಎಂದಿದ್ದ ಕಡೆ ‘ಕಲ್ಚರಲ್ ಹೆರಿಟೇಜ್ ಸ್ಟಡೀಸ್’ ಎಂಬ ಪದವಿಯನ್ನು ಹಿಡಿದು ಹೋದರೆ, ಪಠ್ಯಕ್ರಮ ಒಂದೇ ಆಗಿದ್ದರೂ, ದಾಖಲೆ ಪರಿಶೀಲನೆಯ ದಿನ ವಾದಿಸುತ್ತ ನಿಲ್ಲಬೇಕಾಗುತ್ತದೆ.

ಹೀಗಾಗಿ ಕರ್ನಾಟಕದ ಪುರಾತತ್ತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ, ಕರ್ನಾಟಕ ಲೋಕಸೇವಾ ಆಯೋಗ, ಭಾರತೀಯ ಪುರಾತತ್ತ್ವ ಸರ್ವೇಕ್ಷಣೆ, ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಮಂಡಳಿ ಇವುಗಳ ಹಳೆಯ ಅಧಿಸೂಚನೆಗಳನ್ನು ಹುಡುಕಿ ತೆಗೆದು, ವಿದ್ಯಾರ್ಹತೆಯ ಕಲಮನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಕಾಲೇಜಿನಲ್ಲಿ ಕಲಿಸುವ ಆಸೆಯಿದ್ದರೆ ಯುಜಿಸಿ ನೆಟ್ ಪರೀಕ್ಷೆಯಲ್ಲಿ ‘ಮ್ಯೂಸಿಯಾಲಜಿ ಮತ್ತು ಕನ್ಸರ್ವೇಷನ್’ ಎಂಬುದು ಪ್ರತ್ಯೇಕ ವಿಷಯವಾಗಿದೆ, ಪುರಾತತ್ತ್ವ ಬೇರೆ ವಿಷಯ ಎಂಬುದನ್ನೂ ಗಮನಿಸಿ.

ಈ ಕೆಲಸ ಮಾಡಿದಾಗ ಸರ್ಕಾರಿ ಹುದ್ದೆಗಳ ಅಧಿಸೂಚನೆಗಳ ನಡುವೆ ಎಷ್ಟು ವರ್ಷಗಳ ಅಂತರವಿದೆ ಎಂಬ ಕಹಿ ಸತ್ಯವೂ ಕಣ್ಣಿಗೆ ಬೀಳುತ್ತದೆ. ಖಾಸಗಿ ವಲಯದಲ್ಲಿ ಬಾಗಿಲುಗಳು ಈಗೀಗ ತೆರೆಯುತ್ತಿವೆ. ಬೆಂಗಳೂರಿನಲ್ಲೇ ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ 2019ರಲ್ಲಿ, ಕಸ್ತೂರಬಾ ರಸ್ತೆಯ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ 2023ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡವು. ಇಂತಹ ಕಡೆ ಪದವಿಯ ಹೆಸರಿಗಿಂತ ಮಾಡಿದ ಕೆಲಸದ ಮಾದರಿಗೆ ಬೆಲೆ ಹೆಚ್ಚು. ಸರ್ಕಾರಿ ದಾರಿಯೋ ಖಾಸಗಿ ದಾರಿಯೋ ಎಂಬುದರ ಮೇಲೆ ನಿಮ್ಮ ಕೋರ್ಸಿನ ಆಯ್ಕೆ ಬದಲಾಗಬಹುದು ಎಂದು ಹೇಳುವುದು ಇದಕ್ಕೇ.

ಹಂತ 3: ನಿಮ್ಮ ಪದವಿ ಎಲ್ಲಿಗೆ ಒಪ್ಪುತ್ತದೆ ನೋಡಿ

ಮ್ಯೂಸಿಯಾಲಜಿಗೆ ಸಾಮಾನ್ಯವಾಗಿ ಯಾವುದೇ ಪದವೀಧರರು ಅರ್ಜಿ ಹಾಕಬಹುದು. ಪ್ರಾಣಿಶಾಸ್ತ್ರ ಓದಿದವರಿಗೆ ಮೈಸೂರಿನ ಪ್ರಾದೇಶಿಕ ನಿಸರ್ಗ ವಿಜ್ಞಾನ ಸಂಗ್ರಹಾಲಯದಂಥ ಕಡೆ, ಎಂಜಿನಿಯರಿಂಗ್ ಓದಿದವರಿಗೆ ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯದಂಥ ಕಡೆ ಇತಿಹಾಸದವರಿಗಿಂತ ಹೆಚ್ಚಿನ ಅನುಕೂಲವೇ ಇದೆ. ಸಂಗ್ರಹಾಲಯವೆಂದರೆ ಹಳೆಯ ವಿಗ್ರಹಗಳ ಮನೆ ಎಂದು ಭಾವಿಸಿ ವಿಜ್ಞಾನದವರು ಹಿಂಜರಿಯುವ ಅಗತ್ಯವಿಲ್ಲ.

ಕನ್ಸರ್ವೇಷನ್ನಿಗೆ ಬಂದಾಗ ರಸಾಯನಶಾಸ್ತ್ರದ ತಳಹದಿ ಬೇಕು. ಕಲಾ ವಿಭಾಗದವರನ್ನು ತೆಗೆದುಕೊಳ್ಳುವ ಕಡೆಗಳಲ್ಲೂ ಆಮ್ಲ, ದ್ರಾವಕ, ಆಕ್ಸಿಡೀಕರಣ ಎಂಬ ಪದಗಳು ಮೊದಲ ವಾರದಿಂದಲೇ ಬರುತ್ತವೆ. ಪಿಯುಸಿಯ ರಸಾಯನಶಾಸ್ತ್ರ ಮರೆತಿದ್ದರೆ ಪ್ರವೇಶಕ್ಕೆ ಮೊದಲು ಅದನ್ನೊಮ್ಮೆ ತಿರುವಿಹಾಕಿ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಮಾತು. ಹೊರರಾಜ್ಯದ ಕೋರ್ಸುಗಳಲ್ಲಿ ಬೋಧನೆ ಮುಖ್ಯವಾಗಿ ಇಂಗ್ಲಿಷಿನಲ್ಲಿ ನಡೆಯುತ್ತದೆ, ಮೊದಲ ಸೆಮಿಸ್ಟರ್ ಕಷ್ಟವಾಗಬಹುದು. ಆದರೆ ಹಳಗನ್ನಡ ಓದಬಲ್ಲವರು, ಶಾಸನದ ಲಿಪಿ ಗುರುತಿಸಬಲ್ಲವರು, ತಾಳೆಗರಿಯ ಕಟ್ಟು ಬಿಚ್ಚಿದ ಅನುಭವವುಳ್ಳವರು ಆ ತರಗತಿಗಳಲ್ಲಿ ಅಪರೂಪ. ಕನ್ನಡ ಎಂ.ಎ. ಮಾಡಿದವರು ತಮ್ಮ ಓದನ್ನು ಅರ್ಜಿಯಲ್ಲಿ ಒಂದು ಮೂಲೆಗೆ ತಳ್ಳಿ, ತಮಗೆ ಗೊತ್ತಿಲ್ಲದ ಕಲಾ ಇತಿಹಾಸದ ಬಗ್ಗೆ ಎರಡು ಪುಟ ಬರೆಯುವುದನ್ನು ಕಂಡಾಗ ಬೇಸರವಾಗುತ್ತದೆ.

ಹಂತ 4: ಸಂಸ್ಥೆಗಳ ಪಟ್ಟಿ ಮಾಡಿಕೊಳ್ಳಿ

ದೇಶದಲ್ಲಿ ಮ್ಯೂಸಿಯಾಲಜಿಗೆ ಹಳೆಯ ಹೆಸರು ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ್ದು. ಅಲ್ಲಿನ ವಿಭಾಗ 1952ರಲ್ಲಿ ಆರಂಭವಾಯಿತು, ಇದು ಲಲಿತಕಲಾ ನಿಕಾಯದಲ್ಲಿರುವುದರಿಂದ ಚಿತ್ರಕಾರರು, ಶಿಲ್ಪಿಗಳು, ಕಲಾ ಇತಿಹಾಸಕಾರರ ನಡುವೆ ಓದುವ ವಾತಾವರಣ ಸಿಗುತ್ತದೆ. ಕಲ್ಕತ್ತಾ ವಿಶ್ವವಿದ್ಯಾಲಯ, ಬನಾರಸ್ ಹಿಂದೂ ವಿಶ್ವವಿದ್ಯಾಲಯ, ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯಗಳಲ್ಲೂ ಈ ವಿಷಯದ ಬೋಧನೆಯಿದೆ. ಬನಾರಸ್‌ನಲ್ಲಿ ಓದುವವರಿಗೆ ಆವರಣದಲ್ಲೇ ಇರುವ ಭಾರತ ಕಲಾ ಭವನ ಎಂಬ ಸಂಗ್ರಹಾಲಯ ದೊಡ್ಡ ಆಸ್ತಿ. 1989ರಲ್ಲಿ ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯದ ಆಶ್ರಯದಲ್ಲಿ ಹುಟ್ಟಿ, ಈಗ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ಎಂಬ ಹೆಸರಿನಲ್ಲಿ ನೋಯ್ಡಾದಲ್ಲಿರುವ ಡೀಮ್ಡ್ ವಿಶ್ವವಿದ್ಯಾಲಯದಲ್ಲಿ ಕಲಾ ಇತಿಹಾಸ, ಕನ್ಸರ್ವೇಷನ್, ಮ್ಯೂಸಿಯಾಲಜಿ ಮೂರಕ್ಕೂ ಪ್ರತ್ಯೇಕ ಎಂ.ಎ. ಇವೆ. ಹಳೆಯ ಲೇಖನಗಳಲ್ಲಿ ‘ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್’ ಎಂದು ಕಂಡರೆ ಅದೂ ಇದೇ ಎಂದು ತಿಳಿಯಿರಿ.

ಪರಂಪರೆಯ ನಿರ್ವಹಣೆಗೆ ಅಹಮದಾಬಾದ್ ವಿಶ್ವವಿದ್ಯಾಲಯ, ಕಟ್ಟಡಗಳ ಸಂರಕ್ಷಣೆಗೆ ದೆಹಲಿ ಮತ್ತು ಭೋಪಾಲದ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್ ಹಾಗೂ ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ ನೋಡಬಹುದು.

ಕರ್ನಾಟಕದೊಳಗೇ ಓದಬೇಕಾದವರು ಹೆಚ್ಚಾಗಿ ಹಿಡಿಯುವ ದಾರಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ತ್ವದ ಎಂ.ಎ. ಮೈಸೂರು ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯಗಳು ಇದಕ್ಕೆ ಹೆಸರಾಗಿವೆ. ಜನಪದ ವಸ್ತುಗಳ ಸಂಗ್ರಹದಲ್ಲಿ ಆಸಕ್ತಿಯಿದ್ದರೆ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿರುವ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಪಟ್ಟಿಯಲ್ಲಿರಲಿ. ಈ ಎಂ.ಎ.ಗಳ ಜೊತೆಗೆ ಮ್ಯೂಸಿಯಾಲಜಿಯ ಸ್ನಾತಕೋತ್ತರ ಡಿಪ್ಲೊಮಾ ಒಂದನ್ನು ಸೇರಿಸಿಕೊಂಡರೆ ಹಲವು ಹುದ್ದೆಗಳ ಅರ್ಹತೆ ತುಂಬುತ್ತದೆ, ಎರಡನೇ ಎಂ.ಎ.ಯ ಖರ್ಚೂ ಉಳಿಯುತ್ತದೆ. ಮನೆಯ ಪರಿಸ್ಥಿತಿಯಿಂದ ಹೊರರಾಜ್ಯಕ್ಕೆ ಹೋಗಲಾರದವರಿಗೆ ನಾನು ಸೂಚಿಸುವುದು ಇದನ್ನೇ.

ಪಟ್ಟಿ ಮಾಡುವಾಗ ಮೂರು ವಿಷಯ ವಿಚಾರಿಸಿ: ಈ ವರ್ಷ ಆ ಕೋರ್ಸಿಗೆ ನಿಜವಾಗಿಯೂ ಪ್ರವೇಶ ನಡೆಯುತ್ತಿದೆಯೇ, ವಿಭಾಗದಲ್ಲಿ ಖಾಯಂ ಅಧ್ಯಾಪಕರು ಎಷ್ಟು ಮಂದಿ, ವಿದ್ಯಾರ್ಥಿಗಳು ವಸ್ತುಗಳನ್ನು ಮುಟ್ಟಿ ಕಲಿಯಲು ಸಂಗ್ರಹವೋ ಪ್ರಯೋಗಾಲಯವೋ ಇದೆಯೇ. ಮೂರನೆಯದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೆ ಎಷ್ಟೇ ಹೊಸ ಹೆಸರಿನ ಕೋರ್ಸಾದರೂ ಬಿಟ್ಟುಬಿಡಿ. ವೆಬ್‌ಸೈಟಿನಲ್ಲಿ ಹೆಸರಿದ್ದ ಮಾತ್ರಕ್ಕೆ ಕೋರ್ಸು ನಡೆಯುತ್ತಿದೆ ಎಂದು ನಂಬಬೇಡಿ. ವಿಭಾಗದ ಕಚೇರಿಗೆ ಕರೆ ಮಾಡಿ ಕೇಳಿ, ಆಗುವುದಾದರೆ ಈಗ ಓದುತ್ತಿರುವ ಒಬ್ಬ ವಿದ್ಯಾರ್ಥಿಯ ಜೊತೆ ಮಾತಾಡಿ.

ಹಂತ 5: ಅರ್ಜಿಗೆ ಮುಂಚೆ ಕೈಗೆ ಕೆಲಸ ಕೊಡಿ

ಪ್ರವೇಶದ ಸಂದರ್ಶನದಲ್ಲಾಗಲಿ, ವಿದೇಶದ ಅರ್ಜಿಯಲ್ಲಾಗಲಿ, ಒಂದು ವಸ್ತುವನ್ನು ನೀವು ಹೇಗೆ ನೋಡುತ್ತೀರಿ ಎಂಬುದೇ ಪರೀಕ್ಷೆ. ಇದನ್ನು ಮನೆಯಲ್ಲಿ ಪುಸ್ತಕ ಓದಿ ಕಲಿಯಲು ಬರುವುದಿಲ್ಲ. ಕನಿಷ್ಠ ಆರು ತಿಂಗಳು ಮೊದಲೇ ಈ ಅಭ್ಯಾಸ ಶುರುಮಾಡಿ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರಿನ ಶಾಸನವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮಂಡ್ಯ ಜಿಲ್ಲೆಯ ಆತಕೂರಿನಿಂದ ಬಂದ, ಕ್ರಿ.ಶ. 949–50ರ ಈ ಕಲ್ಲು, ಕಾಳಿ ಎಂಬ ಬೇಟೆನಾಯಿಯ ನೆನಪಿನದು. ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ಗಂಗರ ಬೂತುಗ ಮೆಚ್ಚಿ ಬೇಕಾದ್ದನ್ನು ಕೇಳು ಎಂದಾಗ, ಅವನು ಕೇಳಿ ಪಡೆದದ್ದು ಆ ನಾಯಿಯನ್ನು. ಅದು ಕಾಡುಹಂದಿಯೊಂದಿಗೆ ಕಾದಾಡಿತು, ಎರಡೂ ಸತ್ತವು. ಕಲ್ಲಿನ ಮೇಲ್ಭಾಗದಲ್ಲಿ ನಾಯಿ ಮತ್ತು ಹಂದಿಯ ಕಾಳಗದ ಕೆತ್ತನೆಯಿದೆ.

ಇಂಥ ಒಂದು ಕಲ್ಲಿನ ಮುಂದೆ ನಿಂತು ಮೂರು ಬರಹಗಳನ್ನು ತಯಾರಿಸಿ. ಮೊದಲನೆಯದು ಅಕ್ಸೆಷನ್ ದಾಖಲೆ, ಅಂದರೆ ವಸ್ತು ಸಂಗ್ರಹಕ್ಕೆ ಸೇರಿದಾಗ ರಿಜಿಸ್ಟರಿನಲ್ಲಿ ಬರೆಯುವ ಗುರುತಿನ ವಿವರ: ಸಂಖ್ಯೆ, ವಸ್ತುವಿನ ಹೆಸರು, ಯಾವುದರಿಂದ ಮಾಡಿದ್ದು, ಅಳತೆ, ಕಾಲ, ಸಿಕ್ಕ ಊರು, ಪಡೆದ ಬಗೆ. ಇಲ್ಲಿ ‘ಸುಂದರ’, ‘ಭವ್ಯ’ ಎಂಬ ಮಾತುಗಳಿಗೆ ಜಾಗವಿಲ್ಲ. ನೀವು ಬರೆದದ್ದನ್ನು ಮಾತ್ರ ಓದಿದವರು, ವಸ್ತು ಕಳುವಾದರೆ, ಅದನ್ನು ಹತ್ತರ ನಡುವೆ ಗುರುತಿಸಲು ಸಾಧ್ಯವಾಗಬೇಕು.

ಎರಡನೆಯದು ಸ್ಥಿತಿ ವರದಿ, ಅಂದರೆ ಇಂದಿನ ದಿನ ವಸ್ತು ಹೇಗಿದೆ ಎಂಬುದರ ಲೆಕ್ಕ. ಅಂಚು ಎಲ್ಲಿ ಮುಕ್ಕಾಗಿದೆ, ಯಾವ ಸಾಲಿನ ಅಕ್ಷರಗಳು ಸವೆದಿವೆ, ಬಿರುಕು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಬಣ್ಣ ಅಥವಾ ಸಿಮೆಂಟಿನ ಗುರುತಿದೆಯೇ. ‘ಸ್ಥಿತಿ ಚೆನ್ನಾಗಿದೆ’ ಎಂದು ಬರೆದರೆ ಅದು ವರದಿಯಲ್ಲ. ಎಡ, ಬಲ ಎಂದಾಗ ನೋಡುವವರ ಎಡವೋ ಕೆತ್ತಿದ ಮೂರ್ತಿಯ ಎಡವೋ ಎಂದು ಮೊದಲ ಸಾಲಿನಲ್ಲೇ ತಿಳಿಸಿಬಿಡಿ. ಹೊಸಬರ ವರದಿಗಳಲ್ಲಿ ಅತಿ ಸಾಮಾನ್ಯವಾದ ತಪ್ಪು ಇದು.

ಮೂರನೆಯದು ಲೇಬಲ್, ಅಂದರೆ ಪ್ರೇಕ್ಷಕರು ನಿಂತು ಓದುವ ಫಲಕದ ಬರಹ. ಅರವತ್ತು ಪದಗಳೊಳಗೆ ಮುಗಿಸಿ. ‘ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಗಂಗ ಎರಡನೆಯ ಬೂತುಗನ ಆಳ್ವಿಕೆಗೆ ಸೇರಿದ...’ ಎಂದು ಆರಂಭಿಸಿದರೆ ಹೈಸ್ಕೂಲು ಹುಡುಗರು ಎರಡನೇ ಸಾಲಿಗೆ ಬರುವುದಿಲ್ಲ. ‘ಈ ಕಲ್ಲನ್ನು ನಿಲ್ಲಿಸಿದ್ದು ಒಂದು ನಾಯಿಗಾಗಿ’ ಎಂದು ಶುರುಮಾಡಿದರೆ ರಾಜವಂಶದ ಹೆಸರುಗಳನ್ನೂ ಅವರು ಓದಿಯಾರು. ಒಂದೇ ವಸ್ತುವಿನ ಬಗ್ಗೆ ಮೂರು ಓದುಗರಿಗೆ ಮೂರು ಧಾಟಿಯಲ್ಲಿ ಬರೆಯಬಲ್ಲಿರಿ ಎಂದು ತೋರಿಸುವ ಈ ಕೆಲವೇ ಪುಟಗಳ ಬರಹ, ಹತ್ತು ಪ್ರಮಾಣಪತ್ರಗಳಿಗಿಂತ ಹೆಚ್ಚು ಮಾತಾಡುತ್ತದೆ.

ಹೊರಡುವ ಮೊದಲು ಸಂಗ್ರಹಾಲಯ ತೆರೆದಿದೆಯೇ, ಆ ವಸ್ತು ಪ್ರದರ್ಶನದಲ್ಲಿದೆಯೇ ಎಂದು ವಿಚಾರಿಸಿಕೊಳ್ಳಿ. ಬಾದಾಮಿ, ಐಹೊಳೆ, ಕಮಲಾಪುರ, ಹಳೇಬೀಡುಗಳಲ್ಲಿರುವ ಪುರಾತತ್ತ್ವ ಸರ್ವೇಕ್ಷಣೆಯ ಸಂಗ್ರಹಾಲಯಗಳಿಗೆ ಶುಕ್ರವಾರ ರಜೆ, ಇತರ ಬಹಳಷ್ಟು ಸಂಗ್ರಹಾಲಯಗಳಿಗೆ ಸೋಮವಾರ. ಫೋಟೋ ತೆಗೆಯುವ ಮುನ್ನ ಅನುಮತಿ ಕೇಳಿ. ಊರುಗಳಲ್ಲಿ ಬಯಲಲ್ಲಿ ನಿಂತ ವೀರಗಲ್ಲು, ಮಾಸ್ತಿಕಲ್ಲುಗಳನ್ನು ಅಧ್ಯಯನ ಮಾಡುವುದಾದರೆ ಅಕ್ಷರ ಎದ್ದು ಕಾಣಲೆಂದು ಸುಣ್ಣ, ಎಣ್ಣೆ, ಬಣ್ಣ ಯಾವುದನ್ನೂ ಬಳಿಯಬೇಡಿ, ತಂತಿ ಬ್ರಷ್ಷಿನಿಂದ ಪಾಚಿ ಕೆರೆಯಬೇಡಿ. ಸಂಜೆಯ ಓರೆ ಬಿಸಿಲಿನಲ್ಲಿ, ಅಥವಾ ರಾತ್ರಿ ಪಕ್ಕದಿಂದ ಬಿಟ್ಟ ಟಾರ್ಚಿನ ಬೆಳಕಿನಲ್ಲಿ ಅಕ್ಷರಗಳು ತಾವಾಗಿಯೇ ಕಾಣಿಸಿಕೊಳ್ಳುತ್ತವೆ. ಶಾಸನದ ಪಡಿಯಚ್ಚು ತೆಗೆಯುವುದು, ಅಂದರೆ ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ ಬ್ರಷ್ಷಿನಿಂದ ಬಡಿದು ಮಸಿ ಹಚ್ಚಿ ಪ್ರತಿ ಮಾಡಿಕೊಳ್ಳುವುದು, ಬಲ್ಲವರ ಜೊತೆಗೆ ಅನುಮತಿ ಪಡೆದು ಮಾಡಬೇಕಾದ ಕೆಲಸ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುತ್ತಿದೆ. ಕಲ್ಲನ್ನು ಮುಟ್ಟದೆಯೇ ದಾಖಲಿಸುವ ಈ ವಿಧಾನದ ಪರಿಚಯ ನಿಮಗಿರಬೇಕು.

ಕನ್ಸರ್ವೇಷನ್ ಕಡೆ ಹೋಗುವವರು ಬೆಳಕಿನ ಅಳತೆಯಿಂದ ಆರಂಭಿಸಬಹುದು. ಬಟ್ಟೆ, ಕಾಗದ, ಹಸ್ತಪ್ರತಿಗಳ ಮೇಲೆ ಬೀಳುವ ಬೆಳಕು ಸುಮಾರು 50 ಲಕ್ಸ್ ಮೀರಬಾರದು, ತೈಲಚಿತ್ರಕ್ಕೆ 200 ಲಕ್ಸ್‌ವರೆಗೆ ನಡೆಯುತ್ತದೆ ಎಂಬುದು ಸಂಗ್ರಹಾಲಯಗಳ ವಾಡಿಕೆ. ಲಕ್ಸ್ ಎಂದರೆ ಒಂದು ಮೇಲ್ಮೈ ಮೇಲೆ ಬೀಳುವ ಬೆಳಕಿನ ಪ್ರಮಾಣದ ಮಾನ. ಮೊಬೈಲಿನ ಲಕ್ಸ್ ಮೀಟರ್ ನಿಖರವಲ್ಲ, ಆದರೂ ನಿಮ್ಮ ಊರಿನ ಮಠದಲ್ಲೋ ಗ್ರಂಥಾಲಯದಲ್ಲೋ ಕಿಟಕಿಯ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿಟ್ಟ ತಾಳೆಗರಿಯ ಮೇಲೆ ಬೆಳಗ್ಗೆ, ಮಧ್ಯಾಹ್ನ, ಸಂಜೆ ಎಷ್ಟು ಬೆಳಕು ಬೀಳುತ್ತದೆ ಎಂದು ಒಂದು ವಾರ ಬರೆದಿಟ್ಟರೆ ಸಂದರ್ಶನದಲ್ಲಿ ಹೇಳಲು ನಿಮ್ಮದೇ ಆದ ವಿಷಯವಿರುತ್ತದೆ.

ಇವೆಲ್ಲದರ ಜೊತೆಗೆ ಸ್ವಯಂಸೇವಕರಾಗಿ ಎಲ್ಲಾದರೂ ಸ್ವಲ್ಪ ಕಾಲ ಕೆಲಸ ಮಾಡಿ. ರಾಮನಗರದ ಜಾನಪದ ಲೋಕ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಪರಂಪರೆಯ ಉಳಿವಿಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಜಿಲ್ಲಾ ಘಟಕಗಳು, ನಿಮ್ಮ ಜಿಲ್ಲಾ ಸಂಗ್ರಹಾಲಯ ಹೀಗೆ ಹತ್ತಿರವಿರುವಲ್ಲಿ ಲಿಖಿತವಾಗಿ ಮನವಿ ಕೊಡಿ. ‘ಏನು ಕೆಲಸವಿದ್ದರೂ ಮಾಡುತ್ತೇನೆ’ ಎಂಬ ಮನವಿ ಕಡತದಲ್ಲೇ ಉಳಿಯುತ್ತದೆ. ‘ವಾರಕ್ಕೆರಡು ದಿನ ಬಂದು ರಿಜಿಸ್ಟರಿನ ವಿವರಗಳನ್ನು ಕಂಪ್ಯೂಟರಿಗೆ ಏರಿಸಿಕೊಡುತ್ತೇನೆ’ ಎಂದು ನಿರ್ದಿಷ್ಟವಾಗಿ ಬರೆದರೆ ಒಪ್ಪಿಗೆ ಸಿಗುವ ಸಂಭವ ಹೆಚ್ಚು. ಕೇಂದ್ರದ ಅಧೀನದ ಸಂಗ್ರಹಾಲಯಗಳು ವಸ್ತುಗಳ ದಾಖಲೆಗೆ ಬಳಸುವ ‘ಜತನ್’ ಎಂಬ ತಂತ್ರಾಂಶ, ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ರೂಪಿಸಿದ್ದು, ಹೇಗೆ ಕೆಲಸ ಮಾಡುತ್ತದೆ ಎಂಬ ತಿಳಿವಳಿಕೆ ಇದ್ದರೆ ಇನ್ನೂ ಒಳ್ಳೆಯದು.

ಹಂತ 6: ಪರೀಕ್ಷೆ ಮತ್ತು ಕಾಗದಪತ್ರ

ಕೆಲವು ವಿಶ್ವವಿದ್ಯಾಲಯಗಳು ಸಿಯುಇಟಿ-ಪಿಜಿ ಮೂಲಕ, ಅಂದರೆ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಪ್ರವೇಶ ಕೊಡುತ್ತವೆ, ಕೆಲವು ತಮ್ಮದೇ ಪರೀಕ್ಷೆ ಮತ್ತು ಸಂದರ್ಶನ ನಡೆಸುತ್ತವೆ. ಸಿಯುಇಟಿ-ಪಿಜಿ ಇತ್ತೀಚಿನ ವರ್ಷಗಳಲ್ಲಿ ಮಾರ್ಚ್ ತಿಂಗಳ ಸುಮಾರಿಗೆ ನಡೆದಿದೆ, ಅರ್ಜಿ ಅದಕ್ಕೂ ಒಂದೆರಡು ತಿಂಗಳು ಮೊದಲೇ ಮುಗಿದಿರುತ್ತದೆ. ಪದವಿಯ ಫಲಿತಾಂಶ ಬಂದ ಮೇಲೆ ನೋಡೋಣ ಎಂದು ಕಾಯುವವರಿಗೆ ಒಂದು ವರ್ಷ ಪೂರ್ತಿ ಕೈತಪ್ಪುವುದು ಹೀಗೆ. ಭಾಷಾ ವಿಷಯಗಳನ್ನು ಬಿಟ್ಟರೆ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುತ್ತದೆ, ಕನ್ನಡದಲ್ಲಿ ಇರುವುದಿಲ್ಲ.

ಅಂತಿಮ ಸೆಮಿಸ್ಟರಿನ ಅಂಕಪಟ್ಟಿ ತಡವಾಗುವುದು ನಮ್ಮಲ್ಲಿ ಹೊಸದೇನಲ್ಲ. ಹೊರರಾಜ್ಯದ ವಿಶ್ವವಿದ್ಯಾಲಯ ತಾತ್ಕಾಲಿಕ ಪ್ರವೇಶ ಕೊಟ್ಟರೂ ನಿಗದಿತ ದಿನದೊಳಗೆ ಮೂಲ ಅಂಕಪಟ್ಟಿ, ವರ್ಗಾವಣೆ ಪತ್ರ, ವಲಸೆ ಪ್ರಮಾಣಪತ್ರ ಕೇಳುತ್ತದೆ. ವಲಸೆ ಪ್ರಮಾಣಪತ್ರವೆಂದರೆ ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋಗಲು ಮೊದಲನೆಯದು ಕೊಡುವ ಒಪ್ಪಿಗೆ ಪತ್ರ. ಇದಕ್ಕೆ ಅರ್ಜಿ ಹಾಕುವುದನ್ನು ಕೊನೆಯ ವಾರಕ್ಕೆ ಬಿಡಬೇಡಿ. ಮೀಸಲಾತಿಯಡಿ ಅರ್ಜಿ ಹಾಕುವವರು ಇನ್ನೊಂದನ್ನು ನೋಡಿಕೊಳ್ಳಬೇಕು: ಹಿಂದುಳಿದ ವರ್ಗಗಳ ರಾಜ್ಯ ಪಟ್ಟಿಯೂ ಕೇಂದ್ರದ ಪಟ್ಟಿಯೂ ಒಂದೇ ಅಲ್ಲ, ಕೇಂದ್ರೀಯ ಸಂಸ್ಥೆಗಳಿಗೆ ಕೇಂದ್ರದ ನಮೂನೆಯ ಪ್ರಮಾಣಪತ್ರವೇ ಬೇಕು.

ಉದ್ದೇಶ ಪತ್ರ ಕೇಳಿದರೆ ‘ಬಾಲ್ಯದಿಂದಲೂ ಇತಿಹಾಸವೆಂದರೆ ನನಗೆ ಪ್ರೀತಿ’ ಎಂದು ಶುರುಮಾಡಬೇಡಿ, ನಮ್ಮ ಭವ್ಯ ಪರಂಪರೆಯನ್ನು ಮುಂದಿನ ಪೀಳಿಗೆಗೆ ತಲುಪಿಸುವ ಪ್ರತಿಜ್ಞೆಯಿಂದ ಮುಗಿಸಲೂ ಬೇಡಿ. ಆಯ್ಕೆ ಸಮಿತಿಯವರು ಓದುವ ಅರ್ಜಿಗಳಲ್ಲಿ ಅರ್ಧಕ್ಕರ್ಧ ಹಾಗೆಯೇ ಇರುತ್ತವೆ. ಐದನೇ ಹಂತದಲ್ಲಿ ನೀವು ಮಾಡಿದ್ದನ್ನು, ಅಲ್ಲಿ ಎದುರಾಗಿ ನಿಮ್ಮಿಂದ ಬಿಡಿಸಲಾಗದೆ ಉಳಿದ ಒಂದು ಪ್ರಶ್ನೆಯನ್ನು, ಅದನ್ನು ಬಿಡಿಸಲು ಆ ವಿಭಾಗವೇ ಏಕೆ ಬೇಕು ಎಂಬುದನ್ನು ಬರೆಯಿರಿ.

ಹಂತ 7: ವಿದೇಶಕ್ಕೆ ಹೋಗುವುದಾದರೆ

ಬ್ರಿಟನ್ನಿನ ಲೆಸ್ಟರ್ ವಿಶ್ವವಿದ್ಯಾಲಯದ ಮ್ಯೂಸಿಯಂ ಸ್ಟಡೀಸ್ ವಿಭಾಗ 1966ರಿಂದ ನಡೆದುಬಂದಿದೆ, ಅಲ್ಲಿ ದೂರಶಿಕ್ಷಣದ ಅವಕಾಶವೂ ಇದೆ. ಯೂನಿವರ್ಸಿಟಿ ಕಾಲೇಜ್ ಲಂಡನ್, ಡರಮ್, ಯಾರ್ಕ್, ನ್ಯೂಕಾಸಲ್, ಗ್ಲಾಸ್ಗೊ ವಿಶ್ವವಿದ್ಯಾಲಯಗಳಲ್ಲೂ ಸಂಗ್ರಹಾಲಯ ಅಥವಾ ಪರಂಪರೆಯ ಕೋರ್ಸುಗಳಿವೆ. ಇಂಗ್ಲಿಷ್ ಭಾಷಾ ಪರೀಕ್ಷೆಯಾದ ಐಇಎಲ್‌ಟಿಎಸ್‌ನಲ್ಲಿ ಸಾಮಾನ್ಯವಾಗಿ ಒಟ್ಟು 6.5 ಅಥವಾ 7 ಕೇಳುತ್ತಾರೆ. ಬ್ರಿಟನ್ನಿನ ಎಂ.ಎ. ಹೆಚ್ಚಾಗಿ ಒಂದೇ ವರ್ಷದ್ದು. ಹಿಂದಿರುಗಿ ಸರ್ಕಾರಿ ಹುದ್ದೆಗೋ ನೆಟ್ ಪರೀಕ್ಷೆಗೋ ಹೋಗುವುದಾದರೆ ಭಾರತದ ಪದವಿಗೆ ಅದು ಸಮಾನವೆಂಬ ಪ್ರಮಾಣಪತ್ರ ಬೇಕಾಗುತ್ತದೆ. ಆ ನಿಯಮಗಳು ಈಚೆಗೆ ಬದಲಾಗಿರುವುದರಿಂದ, ಹಣ ಕಟ್ಟುವ ಮೊದಲು, ವಿಶೇಷವಾಗಿ ದೂರಶಿಕ್ಷಣದ ವಿಷಯದಲ್ಲಿ, ವಿಚಾರಿಸಿಕೊಳ್ಳಿ.

ವಿದ್ಯಾರ್ಥಿವೇತನಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಬ್ರಿಟಿಷ್ ಸರ್ಕಾರದ ಚೀವ್ನಿಂಗ್. ಇದಕ್ಕೆ ಎರಡು ವರ್ಷಕ್ಕೆ ಸಮನಾದ 2,800 ಗಂಟೆಗಳ ಕೆಲಸದ ಅನುಭವ ಬೇಕು. ಸ್ವಯಂಸೇವೆ ಮತ್ತು ಇಂಟರ್ನ್‌ಶಿಪ್‌ಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಆದ್ದರಿಂದ ಐದನೇ ಹಂತದ ಗಂಟೆಗಳನ್ನು ಬರೆದಿಟ್ಟುಕೊಂಡು ಪತ್ರ ಪಡೆದಿರಿ. ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಬೇಕೆಂಬ ಷರತ್ತೂ ಇದೆ. ಕಾಮನ್‌ವೆಲ್ತ್ ವಿದ್ಯಾರ್ಥಿವೇತನ, ಇನ್‌ಲ್ಯಾಕ್ಸ್ ಪ್ರತಿಷ್ಠಾನ, ಕಲೆ ಮತ್ತು ಪರಂಪರೆಯ ಕ್ಷೇತ್ರದವರಿಗೆ ನೆರವಾಗುವ ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್ ಇವುಗಳನ್ನೂ ನೋಡಿ. ಯುರೋಪಿನ ಎರಾಸ್ಮಸ್ ಮುಂಡಸ್ ಯೋಜನೆಯಡಿ ಪುರಾತನ ವಸ್ತುಗಳ ವಿಜ್ಞಾನಕ್ಕೆ ‘ಆರ್ಕ್‌ಮ್ಯಾಟ್’ ಎಂಬ ಜಂಟಿ ಕೋರ್ಸಿದೆ, ವಿಜ್ಞಾನ ಪದವೀಧರರು ಗಮನಿಸಬೇಕು.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳು ಇಲ್ಲಿ ಮೈಮರೆಯಬಾರದು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ 2022–23ರ ಮಾರ್ಗಸೂಚಿಯಲ್ಲಿ, ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಭಾರತ ಕುರಿತ ಸಾಮಾಜಿಕ ಅಧ್ಯಯನದ ವಿಷಯಗಳಿಗೆ ಈ ನೆರವು ಇಲ್ಲವೆಂದು ಸೇರಿಸಲಾಯಿತು. ಈ ಕ್ಷೇತ್ರದವರಿಗೆ ಇದಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿಲ್ಲ, ಆ ನಿರ್ಧಾರ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಅರ್ಜಿ ಹಾಕುವ ವರ್ಷದ ಮಾರ್ಗಸೂಚಿಯನ್ನು ಪದ ಪದ ಓದಿ, ಆಮೇಲೆ ಕೋರ್ಸು ಮತ್ತು ಸಂಶೋಧನಾ ವಿಷಯದ ಶೀರ್ಷಿಕೆ ನಿರ್ಧರಿಸಿ. ವಿದೇಶದ ಓದಿಗೆ ನೆರವಾಗುವ, ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯ ನಿಯಮಗಳನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಿ.

ಹಂತ 8: ಓದುವಾಗ

ಪ್ರವೇಶ ಸಿಕ್ಕ ಮೇಲೆ ಹೇಳಬೇಕಾದ್ದು ಕಡಿಮೆ. ಪ್ರಬಂಧಕ್ಕೆ, ಅಂದರೆ ಕೊನೆಯ ಸೆಮಿಸ್ಟರಿನ ಸಂಶೋಧನಾ ಬರಹಕ್ಕೆ, ‘ಕರ್ನಾಟಕದ ಸಂಗ್ರಹಾಲಯಗಳು: ಒಂದು ಅಧ್ಯಯನ’ ಎಂಬಂಥ ವಿಷಯ ಬೇಡ. ಒಂದು ಊರಿನ ಒಂದು ಸಂಗ್ರಹ, ಒಂದು ಬಗೆಯ ವಸ್ತು, ಒಂದು ಸಮಸ್ಯೆ ಸಾಕು. ಇಂಟರ್ನ್‌ಶಿಪ್ ಅನ್ನು ದೆಹಲಿಯ ದೊಡ್ಡ ಹೆಸರಿನ ಸಂಗ್ರಹಾಲಯದಲ್ಲೇ ಮಾಡಬೇಕೆಂಬ ಹಟವೂ ಬೇಡ. ದೊಡ್ಡ ಕಡೆ ಒಂದು ತಿಂಗಳು ಒಂದೇ ಮೇಜಿನ ಕೆಲಸ ಸಿಗುತ್ತದೆ, ಚಿಕ್ಕ ಕಡೆ ಬೀಗದ ಕೈಯಿಂದ ಲೇಬಲ್‌ವರೆಗೆ ಎಲ್ಲವನ್ನೂ ಮಾಡಬೇಕಾಗುತ್ತದೆ. ವಸ್ತುವಿನ ರಸಾಯನ ಕಲಿಯಬೇಕಾದವರಿಗೆ ಲಖನೌದ ರಾಷ್ಟ್ರೀಯ ಸಂರಕ್ಷಣಾ ಸಂಶೋಧನಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲೇ ಇದೆ. ಶಾಸನಗಳ ಕಡೆ ಒಲವಿದ್ದರೆ ಪುರಾತತ್ತ್ವ ಸರ್ವೇಕ್ಷಣೆಯ ಶಾಸನ ವಿಭಾಗದ ಕೇಂದ್ರ ಕಚೇರಿಯೂ ಅಲ್ಲೇ.

ಕಾನೂನಿನ ಪತ್ರಿಕೆಯನ್ನು ಪರೀಕ್ಷೆಗೆಂದು ಮಾತ್ರ ಓದಬೇಡಿ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯಡಿ ನೂರು ವರ್ಷಕ್ಕಿಂತ ಹಳೆಯ ಶಿಲ್ಪ, ನಾಣ್ಯ, ಶಾಸನಗಳು ಪ್ರಾಚ್ಯವಸ್ತುಗಳು, ಮಹತ್ವದ ಹಸ್ತಪ್ರತಿಗಳಿಗೆ ಆ ಮಿತಿ ಎಪ್ಪತ್ತೈದು ವರ್ಷ. ಯಾರೋ ಅಭಿಮಾನದಿಂದ ತಂದುಕೊಟ್ಟ ಕಂಚಿನ ವಿಗ್ರಹವನ್ನು, ಎಲ್ಲಿಂದ ಬಂತೆಂದು ಕೇಳದೆ, ಕಾಗದವಿಲ್ಲದೆ ಸ್ವೀಕರಿಸಿದ ಕ್ಯುರೇಟರ್ ಮುಂದೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬೇಕಾದೀತು. ದಾನಪತ್ರ, ಹಿಂದಿನ ಒಡೆತನದ ವಿವರ, ನೋಂದಣಿ ಪ್ರಮಾಣಪತ್ರ ಈ ಮೂರನ್ನೂ ನೋಡುವ ಮೊದಲು ವಸ್ತುವನ್ನು ಮೇಜಿನ ಮೇಲೆ ಇರಿಸಿಕೊಳ್ಳದಿರುವ ಅಭ್ಯಾಸ ಇಂಟರ್ನ್‌ಶಿಪ್ಪಿನ ಮೊದಲ ದಿನದಿಂದಲೇ ಬರಲಿ.